‘ಬರ್ತೀನಿ’ ಅನ್ನಲು ಕಲಿತದ್ದು

ಕಮಲಾಪುರದಲ್ಲಿ ಮಾಸ್ತರನಾಗಿದ್ದ ಕಾಲದಲ್ಲಿ ನನ್ನ ಬಾಯಲ್ಲಿ ಸದಾ ಒಂದು ಮಾತಿರುತ್ತಿತ್ತು: ‘ದೇವರ ಚಿತ್ತ ಇದ್ದರೆ.’ ಅದನ್ನು ಕಲಿಸಿದವರು ಕಲಬುರ್ಗಿಯ ನಮ್ಮ ಪಾದ್ರಿ ಸಾಹೇಬರು. ನಾಳೆ ಎಂಬುದು ಮನುಷ್ಯನ ಕೈಯಲ್ಲಿಲ್ಲ, ಆದ್ದರಿಂದ ಕ್ರೈಸ್ತನಾದವನು ನಾಳೆಯ ಮಾತಾಡುವಾಗ ಈ ಮೂರು ಶಬ್ದ ಸೇರಿಸಿಕೊಂಡೇ ಆಡಬೇಕು ಎಂದು ಅವರು ಹೇಳಿಕೊಟ್ಟಿದ್ದರು. ಅವರು ಕಲಿಸಿದ್ದರಲ್ಲಿ ಎಷ್ಟೋ ಸಂಗತಿಗಳು ಕಷ್ಟದವು. ಬೈದವರಿಗೆ ಒಳ್ಳೆಯದನ್ನು ಬಯಸುವುದು, ಇದ್ದುದರಲ್ಲಿ ಹಂಚಿ ತಿನ್ನುವುದು, ಅತ್ತೆ ಬಂದು ತಿಂಗಳುಗಟ್ಟಲೆ ಕೂತಾಗ ಮುಖ ಸಿಂಡರಿಸದೆ ಇರುವುದು. ಇದೊಂದು ಮಾತ್ರ ಸುಲಭವಿತ್ತು. ಸುಲಭದ ಆಜ್ಞೆಗಳ ವಿಷಯದಲ್ಲಿ ನನ್ನಷ್ಟು ವಿಧೇಯ ನಿಜಾಮ ಸರಕಾರದ ಸೀಮೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಹುಟ್ಟಾ ಅಂಜುಬುರುಕನಿಗೆ ಈ ಮಾತು ಚಳಿಗಾಲದ ಕಂಬಳಿಯಿದ್ದ ಹಾಗೆ. ಮಾಳಿಗೆ ಸೋರುತ್ತಿದೆ, ಮಣ್ಣು ಹಾಕಿಸಿ ಎಂದು ಹೆಂಡತಿ ಹೇಳಿದರೆ, ದೇವರ ಚಿತ್ತ ಇದ್ದರೆ ಶನಿವಾರ ಎನ್ನುತ್ತಿದ್ದೆ. ಯಾರೋ ಜ್ವರ ಬಂದು ಮಲಗಿದ್ದಾರೆ, ಬಂದು ನೋಡಿ ಎಂದರೆ, ದೇವರ ಚಿತ್ತ ಇದ್ದರೆ ಸಂಜೆ ಬರುತ್ತೇನೆ ಎನ್ನುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ನನ್ನ ತಲೆಯೊಳಗೆ ಹತ್ತು ಅಂಜಿಕೆ ಹುಟ್ಟಿರುತ್ತಿದ್ದವು: ಆ ಜ್ವರ ನನಗೂ ಅಂಟಿದರೆ? ದಾರಿಯಲ್ಲಿ ನಾಯಿ ಇದ್ದರೆ? ಹೋಗದೆ ಉಳಿದರೆ ನಾನು ಸುಳ್ಳಾಡಿದ ಹಾಗೂ ಆಗಲಿಲ್ಲ. ಚಿತ್ತ ಇರಲಿಲ್ಲ, ಅಷ್ಟೇ. ತಹಶೀಲ ಕಚೇರಿಯ ಜವಾನನೊಬ್ಬ, ಮುಸಲ್ಮಾನ, ಒಮ್ಮೆ ನಕ್ಕು ಹೇಳಿದ್ದ: ನಮ್ಮಲ್ಲೂ ಇನ್‌ಶಾ ಅಲ್ಲಾ ಅನ್ನುತ್ತೇವೆ ಮಾಸ್ತರರೇ, ಆದರೆ ಅಂದ ಮೇಲೆ ಎದ್ದು ಹೊರಡುತ್ತೇವೆ. ನಾನೂ ನಕ್ಕಿದ್ದೆ. ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ.

ನಮ್ಮ ಶಾಲೆ ಎಂದರೆ ಊರಂಚಿನ ಒಂದು ಕೋಣೆ, ಅದರ ಹಿಂದೆಯೇ ನಮ್ಮ ಮನೆ. ನಮ್ಮ ಹಿರಿಯರು ಊರ ಹೊರಗಿನ ಕೇರಿಯವರು. ಕ್ರೈಸ್ತರಾದ ಮೇಲೆ ನಾವು ಊರೊಳಗೆ ಬಂದೆವೆಂದಲ್ಲ, ಊರ ಅಂಚಿನತನಕ ಬಂದಿದ್ದೆವು. ಹಿತ್ತಲ ಬೇಲಿಯಾಚೆ ಒಬ್ಬ ಲಿಂಗಾಯತ ಮುದುಕಿಯ ಬಾಳೆತೋಟವಿತ್ತು. ಕಮಲಾಪುರದ ಕೆಂಪು ಬಾಳೆ ತಿಂದವರಿಗೆ ಗೊತ್ತು, ಅದನ್ನು ಬೆಳೆಯುವವರಿಗೆ ಸ್ವಲ್ಪ ಸೊಕ್ಕಿರುತ್ತದೆ. ಆ ಆಯಿಗೂ ಇತ್ತು. ಊರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಿತ್ತು. ಅವಳು ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ, ನಾವು ಅವಳ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಆದರೆ ಹಣ್ಣಿಗೆ ಮೈಲಿಗೆಯಿಲ್ಲ ಎಂಬುದು ಅವಳ ಸಿದ್ಧಾಂತ. ವಾರಕ್ಕೊಮ್ಮೆ ಬೇಲಿಯ ಮೇಲಿಂದ ಒಂದು ಚಿಪ್ಪು ಬಾಳೆಹಣ್ಣು ನಮ್ಮ ಕಡೆ ಬರುತ್ತಿತ್ತು, ಅದರ ಹಿಂದೆ ನನ್ನ ಹೆಂಡತಿಗೆ ಸಂಸಾರದ ಬಗ್ಗೆ ಒಂದಿಷ್ಟು ಬುದ್ಧಿಮಾತೂ ಬರುತ್ತಿತ್ತು.

ನಾವು ಅಲ್ಲಿಗೆ ಹೋಗುವ ಮೊದಲೇ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಣ್ಣು ಮಾಗಿದೆಯೋ ಇಲ್ಲವೋ ಎಂಬುದನ್ನು ಹೆಬ್ಬೆರಳಿನಿಂದ ಒತ್ತಿ ಹೇಳುತ್ತಿದ್ದಳು. ನಾನು ಅವಳಿಗೆ ಬರೀ ಒಂದು ದನಿ. ಆ ವರ್ಷ ಚಳಿಗಾಲದಲ್ಲಿ ಕಲಬುರ್ಗಿಯ ಮಿಶನ್ ದವಾಖಾನೆಗೆ ಹೊರಗಿನಿಂದ ಕಣ್ಣಿನ ಡಾಕ್ಟರೊಬ್ಬರು ಬಂದು ಹತ್ತೇ ದಿನ ಇರುತ್ತಾರೆಂದು, ಪೊರೆ ತೆಗೆದರೆ ಮತ್ತೆ ಕಾಣುತ್ತದೆಂದು ನಾನೇ ಬಾಯಿ ತಪ್ಪಿ ಹೇಳಿಬಿಟ್ಟೆ. ಆಯಿ ಹಿಡಿದ ಹಟ ಬಿಡಲಿಲ್ಲ. ಅವಳ ಮಗನಿಗೆ ಕಣ್ಣಿಗೆ ಕತ್ತಿ ಹಾಕುತ್ತಾರೆಂಬ ಮಾತು ಕೇಳಿಯೇ ಬೆವರು ಬಂತು. ಮನುಷ್ಯ ದೊಡ್ಡ ಮೈಕಟ್ಟಿನವನು, ಆದರೆ ಕೋಳಿ ಕೊಯ್ಯುವ ಮನೆಯ ಮುಂದೆ ಹಾಯಲಾರದವನು. ಕೊನೆಗೆ ಒಪ್ಪಿದ, ಒಂದು ಕರಾರಿನ ಮೇಲೆ. ದವಾಖಾನೆಯವರು ಮಾಸ್ತರನ ಕಡೆಯವರು, ಅಲ್ಲಿಯ ಮಾತು ನಮಗೆ ತಿಳಿಯುವುದಿಲ್ಲ, ಮಾಸ್ತರ ಜೊತೆಗೆ ಬಂದರೆ ಗಾಡಿ ಹೂಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದ.

ಶನಿವಾರ ಆಯಿ ಬೇಲಿಯ ಹತ್ತಿರ ಬಂದು ಕೇಳಿದಳು, ಸೋಮವಾರ ಹೋಗೋಣವೇನು ಎಂದು. ಒಂದು ಗಳಿಗೆಯಲ್ಲಿ ನನಗೆ ಎಲ್ಲವೂ ಕಂಡಿತು: ಕಣ್ಣು ಪೂರಾ ಹೋದ ಆಯಿ, ಕೊಡಲಿ ಹಿಡಿದ ಮಗ, ಬೀಗ ಬಿದ್ದ ಶಾಲೆ, ತವರಿಗೆ ಹೊರಟ ನನ್ನ ಹೆಂಡತಿ. ಆದರೂ ಹೋಗಬೇಕೆಂದೇ ಮನಸ್ಸು ಮಾಡಿದೆ. ಈ ಮಾತನ್ನು ನೀವು ನಂಬಬೇಕು. “ಆಗಲಿ ಆಯಿ, ದೇವರ ಚಿತ್ತ ಇದ್ದರ ಸೋಮವಾರ ಹೋಗೂಣು” ಎಂದೆ. ಆಯಿ ಏನೂ ಅನ್ನದೆ ಬೇಲಿ ಹಿಡಿದುಕೊಂಡು ತಿರುಗಿ ಹೋದಳು. ಸಂತೋಷಕ್ಕೆ ಮಾತು ಹೊರಡಲಿಲ್ಲ ಎಂದು ನಾನು ತಿಳಿದೆ.

ಸೋಮವಾರ ಬೆಳಕು ಹರಿಯುವ ಮೊದಲೇ ಎದ್ದು, ಕೋಟು ಹಾಕಿಕೊಂಡು, ಗಂಟು ಕಟ್ಟಿಕೊಂಡು ತೋಟದ ಬಾಗಿಲಿಗೆ ಹೋದೆ. ಗಾಡಿ ಇರಲಿಲ್ಲ. ಆಯಿ ಗುಡಿಸಲ ಮುಂದೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. ಮಗ ಎಲ್ಲಿ ಎಂದೆ. ಬೀಗರ ಮದುವೆಗೆ ಗಾಡಿ ಹೂಡಿಕೊಂಡು ಹೋಗಿದ್ದಾನೆ, ಬುಧವಾರ ಬರುತ್ತಾನೆ ಎಂದಳು.

“ಮತ್ತ ನಾವು ಕಲಬುರ್ಗಿಗೆ ಹೋಗೂದು?” ಎಂದೆ.

ಮೊರ ನಿಂತಿತು. “ನೀ ಒಲ್ಲೆ ಅಂದ್ಯಲ್ಲೋ ತಮ್ಮಾ.”

“ನಾ ಯಾವಾಗ ಅಂದೆ?”

“ಶನಿವಾರ. ದೇವರ ಚಿತ್ತ ಅಂದಿ.”

ಗಂಟು ಹಿಡಿದುಕೊಂಡು ನಾನು ಅಲ್ಲೇ ನಿಂತೆ. ಆಯಿ ಸಿಟ್ಟಿನಿಂದ ಅಂದಿರಲಿಲ್ಲ. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎನ್ನುವ ಹಾಗೆ ಅಂದಿದ್ದಳು. ಶನಿವಾರವೇ ತನ್ನ ಬುತ್ತಿಯ ಗಂಟನ್ನು ಬಿಚ್ಚಿಟ್ಟಿದ್ದಳಂತೆ. ಮಾಸ್ತರ ಒಲ್ಲೆ ಅಂದ ಎಂದು ಕೇಳಿದಾಗ ಮಗ ನಿರಾಳವಾಗಿ ಮದುವೆಗೆ ಹೊರಟುಬಿಟ್ಟನಂತೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ, ನೋಡು, ಆಯಿ ಎಂಥ ತಪ್ಪು ತಿಳಿದುಕೊಂಡಿದ್ದಾಳೆ ಎಂದು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಊರೆಲ್ಲಾ ಹಂಗೇ ತಿಳ್ಕೊಂಡದರೀ” ಎಂದಳು. ರೊಟ್ಟಿಯನ್ನು ಹಂಚಿಗೆ ಹಾಕಿ, “ನಾನೂ ಹಂಗೇ ತಿಳ್ಕೊಂಡೀನಿ. ಮಾಳಿಗಿ ನೋಡ್ರಿ” ಎಂದಳು.

ನಾನು ಮಾಳಿಗೆ ನೋಡಿದೆ. ಮೂಲೆಯಲ್ಲಿ ಹೋದ ಮಳೆಗಾಲದ ಕಲೆ ಹಾಗೇ ಇತ್ತು. ನಮ್ಮ ಶಾಲೆಯ ಮಕ್ಕಳು ಮಾತುಮಾತಿಗೆ ‘ದೇವರಾಣಿ’ ಎಂದರೆ ನಾನು ಕಿವಿ ಹಿಂಡುತ್ತಿದ್ದೆ, ದೇವರ ಹೆಸರನ್ನು ಸುಮ್ಮನೆ ಎತ್ತಬಾರದು ಎಂದು. ಕಮಲಾಪುರಕ್ಕೆ ಬಂದ ಮೂರು ವರ್ಷದಿಂದ ನಾನು ಆ ಹೆಸರನ್ನು ಬಾಗಿಲಿಗೆ ಹಾಕುವ ಅಗಳಿಯ ಹಾಗೆ ಬಳಸುತ್ತಿದ್ದೆ. ನನ್ನ ಕಿವಿ ಹಿಂಡುವವರು ಯಾರೂ ಇರಲಿಲ್ಲ.

ಡಾಕ್ಟರು ಬರುವ ಶನಿವಾರ ಹೊರಟು ಹೋಗುವವರಿದ್ದರು. ಶುಕ್ರವಾರವೇ ಕೊನೆ, ಅದು ತಪ್ಪಿದರೆ ಆಯಿಗೆ ಇನ್ನೊಂದು ವರ್ಷ ಕತ್ತಲೆ. ಬದುಕಿದ್ದರೆ. ಸಂಜೆ ಮತ್ತೆ ಬೇಲಿಯ ಹತ್ತಿರ ಹೋದೆ. ಮಗ ಬುಧವಾರ ಬಂದರೆ ಗುರುವಾರ ಬೆಳಗ್ಗೆ ಹೊರಡಬಹುದು ಎಂದೆ.

“ನೀ ಬರ್ತಿ ಏನ್ ಇಲ್ಲ? ಒಂದ ಮಾತು ಹೇಳು” ಎಂದಳು ಆಯಿ.

ನಾಲಿಗೆ ಹಳೆಯ ದಾರಿಗೆ ಹೊರಟಿತ್ತು. ಎತ್ತನ್ನು ಮೂಗುದಾಣ ಹಿಡಿದು ತಿರುಗಿಸುವ ಹಾಗೆ ಅದನ್ನು ತಿರುಗಿಸಿ, “ಬರ್ತೀನಿ” ಎಂದೆ. ಅದರ ಮುಂದೆ ಏನೂ ಇಲ್ಲ, ಹಿಂದೆ ಏನೂ ಇಲ್ಲ. ಮೈಮೇಲೆ ಅಂಗಿಯಿಲ್ಲದೆ ಸಂತೆಯಲ್ಲಿ ನಿಂತ ಹಾಗಾಯಿತು.

ಮಂಗಳವಾರ ಟಪಾಲಿನಲ್ಲಿ ಪಾದ್ರಿ ಸಾಹೇಬರ ಕಾಗದ ಬಂತು: ಗುರುವಾರ ಮಕ್ಕಳ ಪರೀಕ್ಷೆಗೆ ಬರುತ್ತೇನೆ, ಶಾಲೆಯಲ್ಲಿ ಹಾಜರಿರತಕ್ಕದ್ದು. ತಿರುಗಿ ಬರೆದರೆ ತಲುಪುವಷ್ಟು ವೇಳೆ ಇರಲಿಲ್ಲ. ಅವರು ನನ್ನ ಗುರುಗಳು, ನನ್ನನ್ನು ನೇಮಿಸಿದವರು. ಅವರ ಮಾತು ಮೀರುವುದು ಅವಿಧೇಯತೆ. ಆಯಿಗೆ ಕೊಟ್ಟ ಮಾತು ಮೀರುವುದು ಏನು? ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡಿ, ಮಂಡಿಯೂರಿ, ಎದ್ದು, ದೇವರ ಚಿತ್ತ ಏನಿದೆಯೋ ಎಂದು ನಿಟ್ಟುಸಿರು ಬಿಟ್ಟೆ.

“ಅದನ್ನ ನೀವಽ ಆಯಿಗೆ ಹೇಳಿ ಬಂದೀರಲ್ಲರೀ, ಸೋಮವಾರ” ಎಂದಳು ಹೆಂಡತಿ. ಸಾಹೇಬರಿಗೆ ಚಹಾ ಮಾಡಿಕೊಡುತ್ತೇನೆ, ಮಕ್ಕಳನ್ನು ಸಾಲಾಗಿ ಕೂರಿಸುತ್ತೇನೆ, ಮಗ್ಗಿ ಹೇಳಿಸುತ್ತೇನೆ, ನೀವು ಹೋಗಿ ಎಂದಳು. ಅವಳಿಗೆ ಮಗ್ಗಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಈ ಸಂಗತಿಯನ್ನು ನಾನು ಸಾಹೇಬರಿಗೆ ಯಾವತ್ತೂ ತಿಳಿಸಿರಲಿಲ್ಲ.

ಗುರುವಾರ ಹೊರಟೆವು. ಎದುರಿಗೆ ಎಲ್ಲಿಯಾದರೂ ಸಾಹೇಬರ ಗಾಡಿ ಬಂದೀತೆಂದು ನಾನು ದಾರಿಯುದ್ದಕ್ಕೂ ಎತ್ತಿನ ಮೇವಿಗೆ ತಂದ ಕಡಬಿಯ ಹೊರೆಯ ಹಿಂದೆ ಮುಖ ಮರೆಮಾಡಿಕೊಂಡು ಕೂತಿದ್ದೆ. ಆಯಿ ಮಾತ್ರ ತವರಿಗೆ ಹೊರಟವಳ ಹಾಗಿದ್ದಳು. ಈಗೆಲ್ಲಿದ್ದೇವೆ, ಈಗೆಲ್ಲಿದ್ದೇವೆ ಎಂದು ಕೇಳುತ್ತಿದ್ದಳು. ತಾಜಸುಲ್ತಾನಪುರ ದಾಟಿದೆವು, ಇನ್ನೇನು ಕಲಬುರ್ಗಿ ಬಂತು ಎಂದಾಗ ತಲೆಯ ಸೆರಗು ಸರಿಮಾಡಿಕೊಂಡಳು, ಪಟ್ಟಣದವರು ನೋಡಿಯಾರೆಂದು.

ಶುಕ್ರವಾರ ಅವಳನ್ನು ಒಳಗೆ ಕರೆಯುವ ಮುಂಚೆ ನನ್ನ ಕೈ ಹುಡುಕಿ ಹಿಡಿದಳು. ಮೂರು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನನ್ನ ಕೊರಳಿನ ಲಿಂಗಪ್ಪನಿಗೆ ನಾನು ಹೇಳಿದ್ದೇನೆ, ನಿನ್ನ ದೇವರಿಗೂ ಒಂದು ಮಾತು ಹಾಕು ಎಂದಳು. ನಾನು ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದೆ: ಕರ್ತನೇ, ಈ ತಾಯಿಯ ಕಣ್ಣಿಗೆ ಬೆಳಕು ಕೊಡು, ನಿನ್ನ ಚಿತ್ತವಿದ್ದರೆ...

ಆಯಿ ನನ್ನ ಕೈಯನ್ನು ಜೋರಾಗಿ ಅದುಮಿದಳು. “ಅದು ಬ್ಯಾಡ. ಬೇಡೂದಿದ್ದರ ಸೀದಾ ಬೇಡು.”

ನಾನು ಸೀದಾ ಬೇಡಿದೆ. ಬಹಳ ವರ್ಷಗಳ ಮೇಲೆ, ಕೊಡದಿದ್ದರೆ ಗತಿಯಿಲ್ಲ ಎನ್ನುವವನ ಹಾಗೆ ಬೇಡಿದೆ. ಪಾದ್ರಿ ಸಾಹೇಬರು ಕಲಿಸಿದ್ದು ಸುಳ್ಳೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಬೇಡುವುದನ್ನು ಬೇಡಿ, ಮಾಡುವುದನ್ನು ಮಾಡಿ, ಆಮೇಲೆ ಅವನ ಚಿತ್ತ ಎಂದು ತಲೆಬಾಗುವುದು ಬೇರೆ. ನಾನು ಮೊದಲಿಗೇ ತಲೆಬಾಗಿ ಕೂತುಬಿಡುತ್ತಿದ್ದೆ.

ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಟ್ಟು ಮಲಗಿಸಿದರು. ಅಲುಗಾಡಬಾರದು, ಗಟ್ಟಿ ಪದಾರ್ಥ ಅಗಿಯಬಾರದು. ದವಾಖಾನೆಯ ಗಂಜಿಯನ್ನು ಆಯಿ ಬಾಯಿಗೆ ಹಾಕಿಕೊಳ್ಳಲಿಲ್ಲ. ಮನೆಯಿಂದ ತಂದ ಖಡಕ್ ರೊಟ್ಟಿಯನ್ನು ಪುಡಿಮಾಡಿ ಹಾಲಿನಲ್ಲಿ ನೆನೆಸಿ ಮಗ ತಿನ್ನಿಸಬೇಕಿತ್ತು. ಅವನು ಮೊದಲ ತುತ್ತಿಗೇ ಪಟ್ಟಿಯ ಮೇಲೊಂದು ರಕ್ತದ ಚುಕ್ಕೆ ನೋಡಿ, ಎತ್ತಿಗೆ ನೀರು ಕುಡಿಸಿ ಬರುತ್ತೇನೆಂದು ಹೋದವನು ಬರಲೇ ಇಲ್ಲ. ಬಟ್ಟಲು ನನ್ನ ಕೈಯಲ್ಲಿ ಉಳಿಯಿತು. ಅವನನ್ನು ಕರೆದುಕೊಂಡು ಬರುತ್ತೇನೆ ಆಯಿ ಎಂದೆ.

“ಕಣ್ಣು ಕಟ್ಯಾರ” ಎಂದಳು ಆಯಿ. “ಯಾರ ಕೈ ಅಂತ ನನಗೇನ್ ಕಾಣ್ತದ?” ನಾನು ಹಿಂಜರಿಯುತ್ತ ಒಂದು ತುತ್ತು ಕೊಟ್ಟೆ. ಅವಳು ನುಂಗಿ, “ಗುಬ್ಬಿಗೆ ಹಾಕಿದಂಗ ಹಾಕಬ್ಯಾಡ” ಎಂದಳು.

ಶನಿವಾರ ಹಾಗೆಯೇ ತಿನ್ನಿಸುತ್ತಿರುವಾಗ ಬಾಗಿಲಲ್ಲಿ ಪಾದ್ರಿ ಸಾಹೇಬರು ನಿಂತಿದ್ದರು. ಕಮಲಾಪುರದಿಂದ ಆಗಷ್ಟೇ ಮರಳಿದ್ದರು. ಎದ್ದು ನಿಲ್ಲಲು ನೋಡಿದೆ, ಆಯಿಯ ಬಾಯಿ ತೆರೆದಿತ್ತು. ಕೂತೇ ನಮಸ್ಕಾರ ಮಾಡಿದೆ. ಗುರುವಾರ ಎಲ್ಲಿದ್ದಿರಿ ಎಂದು ಕೇಳಿದರು. ಈ ಆಯಿಗೆ ಬರುತ್ತೇನೆ ಅಂದಿದ್ದೆ ಎಂದೆ. ಅವರು ನನ್ನ ಕೈಯ ಬಟ್ಟಲನ್ನು ನೋಡಿದರು. ಮಕ್ಕಳು ಮಗ್ಗಿ ಚೆನ್ನಾಗಿ ಹೇಳಿದರು, ನಿಮ್ಮ ಮನೆಯವರು ಶಾಲೆಯನ್ನು ಒಳ್ಳೆಯ ರೀತಿ ನಡೆಸಿದರು ಎಂದರು. ಆಮೇಲೆ, ವರದಿಯಲ್ಲಿ ಮಾಸ್ತರ ಗೈರುಹಾಜರು ಎಂದು ಬರೆದಿದ್ದೇನೆ, ಅದು ಹಾಗೇ ಇರುತ್ತದೆ ಎಂದು ಹೇಳಿ, ಆಯಿಯ ಮಂಚಕ್ಕೆ ತಲೆಬಾಗಿ ಹೋದರು. ಅವರದು ಒಂದೇ ಮಾತು. ಅವತ್ತು ಅದು ನನಗೆ ಚುಚ್ಚಿದರೂ, ಆಮೇಲೆ ಅವರ ಮೇಲಿನ ಗೌರವ ಹೆಚ್ಚೇ ಆಯಿತು.

ಏಳನೆಯ ದಿನ ಅಲ್ಲಿಯ ಕಂಪೌಂಡರು ಪಟ್ಟಿ ಬಿಚ್ಚಿದರು. ಮಗ ಒಳಗೆ ಬರಲು ಒಲ್ಲದೆ ಅಂಗಳದ ಬೇವಿನ ಗಿಡದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದ. ಆಯಿ ಕಣ್ಣು ಪಿಳುಕಿಸಿದಳು, ನೀರು ಒರೆಸಿಕೊಂಡಳು, ಮತ್ತೆ ಪಿಳುಕಿಸಿದಳು. ಕಂಪೌಂಡರು ಬೆರಳು ಹಿಡಿದು ಎಷ್ಟು ಎಂದರು. ಮೂರು ಎಂದಳು. ಮೂರೇ ಇದ್ದವು. ಆಮೇಲೆ ನನ್ನ ಕಡೆ ತಿರುಗಿ, ಮಸಕು ಮಸಕಾಗಿ ಕಂಡಿರಬೇಕು, ಮೇಲಿಂದ ಕೆಳಗಿನತನಕ ನೋಡಿದಳು.

“ನೀ ಏನೋ ಮಾಸ್ತರ? ದನಿ ಕೇಳಿ ದೊಡ್ಡ ಆಳು ಅಂತ ತಿಳ್ಕೊಂಡಿದ್ದೆ.”

ಎದ್ದು ನಿಂತಳು. ಹಿಡಿದುಕೊಳ್ಳಲಿ ಎಂದು ನಾನು ಕೈ ಚಾಚಿದೆ, ಬೀಳುತ್ತಾಳೇನೋ ಎಂದು ಹೆದರಿ. ಅವಳು ಅದನ್ನು ಬಿಟ್ಟು, ಗೋಡೆಯನ್ನೂ ಬಿಟ್ಟು, ನಿಧಾನವಾಗಿ ಒಬ್ಬಳೇ ಬಾಗಿಲತನಕ ಹೋದಳು. ಹೊರಗಿನ ಬಿಸಿಲಿಗೆ ಕೈ ಅಡ್ಡ ಹಿಡಿದು ಅಂಗಳ ನೋಡಿದಳು.

“ಅಲ್ಲಿ ಗಿಡದ ಬುಡಕ ಕೆಂಪ ರುಮಾಲು ಸುತ್ತಿ ನಿಂತಾನಲ್ಲ, ಯಾಂವ ಅಂವ?”

ಮಗ ತಿರುಗಿದ. “ನಾನಽ ಯವ್ವಾ. ಮದುವ್ಯಾಗ ಕೊಟ್ಟರು.”

“ನಿನಗ ಒಪ್ಪಂಗಿಲ್ಲ, ತೆಗಿ” ಎಂದಳು ಆಯಿ.

ಅವನು ರುಮಾಲು ತೆಗೆದ. ತೆಗೆದು, ಅದರಲ್ಲೇ ಮುಖ ಮುಚ್ಚಿಕೊಂಡು, ಅಷ್ಟು ದೊಡ್ಡ ಮನುಷ್ಯ, ಗಿಡದ ಬುಡದಲ್ಲಿ ಕುಸಿದು ಕೂತ.