ಅದಿರಿನ ಲಾರಿ ಏರಿ ಅಹವಾಲು ಸಭೆಗೆ

2008ರ ಮಾತು. ಕಾರವಾರ ಮತ್ತು ಅಂಕೋಲೆಯ ನಡುವೆ ಕಡಲಂಚಿಗಿರುವ ನಮ್ಮ ಊರಿಗೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಬರುತ್ತದೆಂದು ಸುದ್ದಿಯಾಗಿತ್ತು. ಗದ್ದೆ ಹೋಗುತ್ತದೆ, ಬಾವಿಗೆ ಹಾರುಬೂದಿ ಬೀಳುತ್ತದೆ, ಬಿಸಿನೀರು ಬಿಟ್ಟು ಕಡಲೂ ಕೆಡುತ್ತದೆ ಎಂದು ಊರಿಗೆ ಊರೇ ಬೇಡವೆಂದಿತ್ತು. ಕಡೆಗೆ ಕಾರವಾರದಲ್ಲಿ ಅಹವಾಲು ಸಭೆ ಗೊತ್ತಾಯಿತು. ಅಲ್ಲಿ ಹೋಗಿ ನಾವು ಬಾಯಿ ಬಿಡದಿದ್ದರೆ ಊರಿನವರ ಆಕ್ಷೇಪವಿಲ್ಲ ಎಂದೇ ಬರೆದುಕೊಳ್ಳುತ್ತಿದ್ದರು.

ಸಭೆಯ ಹಿಂದಿನ ಸಂಜೆ ನನ್ನ ಗಂಡನನ್ನೂ ಹೋರಾಟದ ಮುಂದಾಳುಗಳನ್ನೂ ಪೊಲೀಸರು ವಿಚಾರಣೆಗೆಂದು ಕರೆದೊಯ್ದವರು ವಾಪಸು ಬಿಡಲಿಲ್ಲ. ಉಳಿದವರು ನಾವು, ಹೆಂಗಸರು. ಬೆಳಿಗ್ಗೆ ಹತ್ತು ಹನ್ನೆರಡು ಜನ ಕಾರವಾರದ ಬಸ್ಸಿಗೆ ಕಾಯುತ್ತಿದ್ದಾಗ ವ್ಯಾನು ಬಂತು. "ಮುಂಜಾಗ್ರತಾ ಕ್ರಮ, ಹತ್ತಿ" ಎಂದರು. ಠಾಣೆಗೆ ಒಯ್ಯುತ್ತಾರೆಂದುಕೊಂಡೆವು. ವ್ಯಾನು ಅಂಕೋಲೆ ದಾಟಿ ಯಲ್ಲಾಪುರ ರಸ್ತೆ ಹಿಡಿಯಿತು. ಸುಂಕಸಾಳದ ಆಚೆ, ಕಾಡಿನ ನಡುವೆ ನಮ್ಮನ್ನು ಇಳಿಸಿ ಹೊರಟೇ ಹೋಯಿತು.

ನನಗೆ ಅಳು ಬಂತು. ಎಪ್ಪತ್ತು ದಾಟಿದ ಅತ್ತೆ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎಂತಕೆ ಅಳ್ತೆ ತಂಗಿ? ರಸ್ತೆ ಅದೆಯಲ್ಲಾ, ನಡೆವಾ" ಎಂದರು.

ಕೈ ಅಡ್ಡ ಮಾಡಿದರೂ ಬಸ್ಸುಗಳು ನಿಲ್ಲಲಿಲ್ಲ. ನಿಂತದ್ದು ಕಬ್ಬಿಣದ ಅದಿರಿನ ಲಾರಿ. ನಮ್ಮ ರಸ್ತೆ ಹಾಳು ಮಾಡಿದ್ದಕ್ಕೆ ಆ ಲಾರಿಗಳಿಗೆ ನಾವು ದಿನವೂ ಶಾಪ ಹಾಕುತ್ತಿದ್ದೆವು. ಚಾಲಕರು ಹೊಸಪೇಟೆ ಕಡೆಯವರು. "ಏನವ್ವ, ಇಷ್ಟು ಮಂದಿ ಅಡವ್ಯಾಗ ಯಾಕ ನಿಂತೀರಿ?" ಎಂದು ಕೇಳಿದರು. ಅತ್ತೆ ಎಲ್ಲ ಹೇಳಿದರು. ಅವರು ಲಾರಿಯ ಬಾಗಿಲು ತೆರೆದು, "ನಮ್ಮೂರಾಗ ಗಣಿ ಬ್ಯಾಡ ಅನ್ನಾಕ ಯಾರೂ ಇರಲಿಲ್ರೀ. ಗುಡ್ಡಾನೇ ಹೋತು. ಹತ್ರಿ, ನಾ ಕಾರವಾರ ಬಂದರಿಗೇ ಹೊಂಟೀನಿ" ಎಂದರು.

ಅತ್ತೆಯನ್ನು ಮುಂದೆ ಕೂರಿಸಿದರು. ಉಳಿದವರು ಹಿಂದೆ ಹತ್ತಿದೆವು. ಅದಿರು ಭಾರವಲ್ಲವೇ, ಲಾರಿಯ ಅರ್ಧಕ್ಕೂ ತುಂಬಿರಲಿಲ್ಲ. ಅದರ ಮೇಲೆ ಕೂತು ಟಾರ್ಪಾಲು ಎಳೆದುಕೊಂಡೆವು. ಅಂಕೋಲೆಯಲ್ಲಿ ಲಾರಿ ನಿಂತಾಗ ಯಾರೋ ಪೊಲೀಸಿನವರು, "ಈ ಮುದುಕಿ ಯಾರು?" ಎಂದು ಕೇಳಿದ್ದು ಕಿವಿಗೆ ಬಿತ್ತು. ನಾವು ಮುಖ ಕೆಳಗೆ ಮಾಡಿ ಅದಿರಿಗೆ ಅಂಟಿ ಮಲಗಿಬಿಟ್ಟೆವು. "ನಮ್ಮವ್ವ ರೀ ಸಾಹೇಬ್ರ, ದವಾಖಾನಿಗೆ ಕರ್ಕೊಂಡು ಹೊಂಟೀನಿ" ಎಂದರು ಚಾಲಕರು. ಅತ್ತೆ ಜೋರಾಗಿ ನರಳಿದರು. ಲಾರಿ ಬಿಟ್ಟರು. ಕಾರವಾರದ ಹತ್ತಿರದ ಬಿಣಗಾ ದಾಟುವವರೆಗೂ ನಗು ತಡೆಯಲಾಗಲಿಲ್ಲ.

ಸಭೆಯ ಬಾಗಿಲಿಗೆ ಬಂದಾಗ ನಮ್ಮ ಕೂದಲು, ಮುಖ, ಸೀರೆ ಎಲ್ಲ ಅದಿರಿನ ಧೂಳಿಗೆ ಕೆಂಪು. ತಡೆಯಲು ಕೈ ಚಾಚಿದ ಪೇದೆ, ತನ್ನ ಅಂಗಿ ಹಾಳಾದೀತೆಂದೋ ಏನೋ, ಹಿಂದೆ ಸರಿದ. ಒಳಗೆ ಅಧಿಕಾರಿ ಮೈಕಿನಲ್ಲಿ, "ಗ್ರಾಮಸ್ಥರ ಕಡೆಯಿಂದ ಆಕ್ಷೇಪಗಳೇನೂ ಇಲ್ಲದ ಕಾರಣ..." ಎನ್ನುತ್ತಿದ್ದರು.

"ಅದೆ. ನಮ್ಮ ಆಕ್ಷೇಪ ಅದೆ."

ಹೇಳಿದವಳು ನಾನೇ. ನಾಲ್ಕು ಜನರೆದುರು ಎಂದೂ ಮಾತಾಡದವಳು ನೇರ ಹೋಗಿ ಮೈಕು ಹಿಡಿದೆ. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. "ಎರಡು ತಾಸು ಧೂಳಿನಲ್ಲಿ ಕೂತಿದ್ದಕ್ಕೇ ನಾವು ಹೀಗಾಗಿದ್ದೇವೆ ಸ್ವಾಮಿ. ನಮ್ಮ ಮಕ್ಕಳು ಜೀವಮಾನವಿಡೀ ಬೂದಿಯಲ್ಲಿ ಬದುಕಬೇಕಾ? ನಮಗೆ ಈ ಸ್ಥಾವರ ಬೇಡ. ಬರ್ಕೊಳ್ಳಿ."

ಹಿಂದಿನ ಸಾಲಿನಿಂದ ಶುರುವಾದ ಚಪ್ಪಾಳೆ ಇಡೀ ಸಭೆಗೆ ಹಬ್ಬಿತು. ನಮ್ಮಲ್ಲಿ ಒಬ್ಬೊಬ್ಬರೂ ಹೋಗಿ ಹೆಸರು ಹೇಳಿ ಬೇಡವೆಂದರು. ಅತ್ತೆಯಂತೂ ಮೈಕು ಬಿಟ್ಟುಕೊಡಲೇ ಒಪ್ಪಲಿಲ್ಲ. ಪತ್ರಕರ್ತರು ನೋಡುತ್ತಿದ್ದುದರಿಂದ ಅಧಿಕಾರಿಗಳು ಎಲ್ಲವನ್ನೂ ಬರೆದುಕೊಳ್ಳಬೇಕಾಯಿತು. ಸಂಜೆಯೊಳಗೆ ನಮ್ಮ ಗಂಡಸರನ್ನೂ ಬಿಟ್ಟರು.

ಆ ಸ್ಥಾವರ ನಮ್ಮೂರಿಗೆ ಬರಲೇ ಇಲ್ಲ. ನಾವಷ್ಟೇ ತಡೆದೆವು ಎನ್ನುವುದಿಲ್ಲ, ಆಮೇಲೂ ತುಂಬಾ ಓಡಾಟವಿತ್ತು. ಆದರೆ ಅದಕ್ಕೆಂದು ಗುರುತು ಹಾಕಿದ್ದ ಗದ್ದೆಯಲ್ಲಿ ಪ್ರತಿವರ್ಷ ನಾಟಿಗೆ ಇಳಿದಾಗ, ಕೆಸರು ಕಾಲಿಗೆ ತಂಪಾಗಿ ತಾಗಿದಾಗ, ಎದೆ ತುಂಬಿ ಬರುತ್ತದೆ. ಸರ್ಕಾರಿ ಕಚೇರಿಯ ಮೆಟ್ಟಿಲನ್ನು ಈಗ ನಾನೊಬ್ಬಳೇ ಹತ್ತುತ್ತೇನೆ.