ದಾರಿಗೆ ಸುರಿದ ಚರಟ

ಅವರ ಬಲಗೈಯ ಮೂರು ಬೆರಳುಗಳ ತುದಿ ಒಣಗಿದ ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಆ ಮೂರು ಬೆರಳುಗಳನ್ನು ನನ್ನ ಮಣಿಕಟ್ಟಿನ ಮೇಲೆ ಸಾಲಾಗಿ ಇಟ್ಟು, ಕಣ್ಣು ಮುಚ್ಚಿ, ತುಂಬ ಹೊತ್ತು ಸುಮ್ಮನೆ ಕೂರುತ್ತಿದ್ದರು. ಮೊದಲು ಎಡಗೈ, ಆಮೇಲೆ ಬಲಗೈ. ನನಗೋ ತಾಳ್ಮೆ ಅಷ್ಟಕ್ಕಷ್ಟೆ. "ಏನು ಚಾಚಾ, ನಿದ್ದೆ ಬಂತಾ?" ಎಂದರೆ ಕಣ್ಣು ತೆರೆಯದೆಯೇ, "ನಿನ್ನ ನಾಡಿ ಮಾತಾಡ್ತಾ ಇದೆ. ನೀನು ಸ್ವಲ್ಪ ಬಾಯಿ ಮುಚ್ಚು" ಎನ್ನುತ್ತಿದ್ದರು.

ಕುವೈತಿನ ಮೈದಾನ್ ಹವಲ್ಲಿಯಲ್ಲಿ ನಾನು ಬಾಡಿಗೆಗಿದ್ದ ಕಟ್ಟಡದ ಕೆಳಮಹಡಿಯ ಚೀನೀ ವೈದ್ಯರು ಅವರು. ಹುಟ್ಟಿ ಬೆಳೆದದ್ದು ಕಲ್ಕತ್ತಾದಲ್ಲಿ. ಹಾಗಾಗಿ ಕುಂದಾಪುರದವನಾದ ನನ್ನ ಹಿಂದಿಗಿಂತ ಅವರದೇ ಎಷ್ಟೋ ಚೆನ್ನಾಗಿತ್ತು. ಹೊಟ್ಟೆಪಾಡಿಗೆ ಶರ್ಕ್ ಬಡಾವಣೆಯ ಒಂದು ಚೈನೀಸ್ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ತಂದೆಯಿಂದ ಕಲಿತ ವೈದ್ಯವೆಲ್ಲ ಶುಕ್ರವಾರದ ರಜೆಗೆ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಕೋಣೆಯ ತುಂಬ ಬಿಸ್ಕತ್ತಿನ ಡಬ್ಬಗಳು. ಅವುಗಳಲ್ಲಿ ಒಣ ಸೇವಂತಿಗೆ ಹೂ, ಜರ್ದಾಳು ಬೀಜ, ಸುಕ್ಕಿದ ಕೆಂಪು ಬೋರೆಹಣ್ಣು, ಹೆಸರೇ ಗೊತ್ತಿಲ್ಲದ ಬೇರುಗಳು. ನಾನು ಗುರುತು ಹಿಡಿದದ್ದು ಒಂದನ್ನೇ, ಜೇಷ್ಠಮಧು. ನಮ್ಮಮ್ಮ ಕೆಮ್ಮಿಗೆ ಅಗಿಯಲು ಕೊಡುತ್ತಿದ್ದ ಅದೇ ಕಡ್ಡಿ. "ಇದು ಪಂಚಾಯಿತಿ ಮಾಡುವ ಹಿರಿಯ" ಎಂದು ಅವರು ಆ ಚೂರನ್ನು ಎತ್ತಿ ತೋರಿಸಿದ್ದರು. "ಬೇರೆ ಬೇರುಗಳು ಒಂದಕ್ಕೊಂದು ಜಗಳ ಆಡ್ತಾವೆ. ಇವ ಕೂತ್ಕೊಂಡು ರಾಜಿ ಮಾಡಿಸ್ತಾನೆ."

ಇಷ್ಟೆಲ್ಲ ಸಲಿಗೆ ಆಮೇಲಿನದು. ಮೊದಲ ಒಂದು ವರ್ಷ ನಾನು ಅವರ ಮುಖವನ್ನು ಸರಿಯಾಗಿ ನೋಡಿದವನೂ ಅಲ್ಲ.

ಆಗಿದ್ದು ಹೀಗೆ. ಒಂದು ಬೆಳಿಗ್ಗೆ ಆಫೀಸಿಗೆ ಹೊರಟವನು ನೋಡುತ್ತೇನೆ, ಗೇಟಿನ ಎದುರು ದಾರಿಯ ನಟ್ಟನಡುವೆ ಕಪ್ಪಗಿನ ಒದ್ದೆ ಬೇರು, ಎಲೆ, ತೊಗಟೆ ಸುರಿದಿವೆ. ಮೂರು ದಾರಿ ಕೂಡುವಲ್ಲಿ ದೃಷ್ಟಿ ತೆಗೆದು ಎಸೆದ ಲಿಂಬೆಹಣ್ಣು, ಕುಂಬಳಕಾಯಿ ಕಂಡರೆ ಸುತ್ತು ಹಾಕಿ ಹೋಗುವ ಊರಿನವನು ನಾನು. ಇಲ್ಲಿಯೂ ಗೋಡೆಗೆ ಒತ್ತಿಕೊಂಡು ದಾಟಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಎರಡನೇ ಮಹಡಿಯಲ್ಲಿದ್ದ ಮಂಗಳೂರಿನ ನರ್ಸ್ ಬಾಯಿಯವರ ಹತ್ತಿರ ಹೋಗಿ, "ಕೆಳಗಿನ ಚೀನಾದವ ಎಂಥದೋ ಮಾಟ ಮಾಡಿ ದಾರಿಗೆ ಹಾಕ್ತಾನೆ, ಜಾಗ್ರತೆ" ಎಂದೆ.

"ಹೌದಾ ಮಾರಾಯ್ರೆ? ನನ್ನ ಮಕ್ಕಳು ಶಾಲೆಗೆ ಹೋಗುದು ಅದೇ ಗೇಟಿನಿಂದ!" ಎಂದು ಅವರು ಗಾಬರಿಯಾದರು.

ವಾರದೊಳಗೆ ಇಡೀ ಕಟ್ಟಡ ಹಿಂದಿನ ಬಾಗಿಲಿನಿಂದ ಓಡಾಡತೊಡಗಿತು. ನನಗೆ ಒಳಗೊಳಗೇ ಜಂಬ, ಎಲ್ಲರನ್ನೂ ಕಾಪಾಡಿದೆನೆಂದು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ತಿಂಗಳೆರಡರಲ್ಲಿ ಕಟ್ಟಡ ಖಾಲಿಯಾಯಿತು. ನರ್ಸ್ ಬಾಯಿ ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಜೋರ್ಡಾನಿನ ಕಡೆ ಹೋದರು. ನಾನು ಉಳಿದದ್ದು ಧೈರ್ಯದಿಂದಲ್ಲ. ನನ್ನ ಪಾಸ್‌ಪೋರ್ಟ್ ನನಗೆ ವೀಸಾ ಕೊಡಿಸಿದ ಧಣಿ, ಕಫೀಲನ ಕಪಾಟಿನಲ್ಲಿತ್ತು, ಕಫೀಲ ದೇಶ ಬಿಟ್ಟು ಓಡಿದ್ದ. ಬೇರೆ ಕಾಗದ ಮಾಡಿಸಿಕೊಂಡು ಹೊರಡಬಹುದಿತ್ತು. ಮುಂದಿನ ಬಸ್ಸು, ಮುಂದಿನ ಬಸ್ಸು ಎನ್ನುತ್ತಲೇ ಕೂತೆ. ಅಷ್ಟರಲ್ಲಿ ಜ್ವರ ಹಿಡಿಯಿತು.

ಎಂಥ ಜ್ವರ, ಎಂಥ ಕೆಮ್ಮು! ಹೆಂಡತಿಗೆ ಬರೆದ ಪತ್ರ ದಿಂಬಿನ ಕೆಳಗೇ ಇತ್ತು, ಹಾಕುವುದಕ್ಕೆ ಅಂಚೆಯಿಲ್ಲ. ಪಕ್ಕದ ಗೋಡೆಯ ಆಚೆ ಒಂದು ಪಾತ್ರೆಯ ಸದ್ದೂ ಇಲ್ಲ. ಇಲ್ಲಿ ಸತ್ತರೆ ವಾಸನೆ ಬಂದ ಮೇಲೆಯೇ ಯಾರಿಗಾದರೂ ಗೊತ್ತಾಗುವುದು ಎಂದುಕೊಂಡು ನಾನು ಜೋರಾಗಿ ಅತ್ತೆ. ಯಾರಿಗೂ ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ ಅತ್ತದ್ದು.

ಕೇಳಿಸಿತ್ತು. ಬಾಗಿಲು ತಳ್ಳಿಕೊಂಡು ಬಂದವರು ಅವರು. ಪಕ್ಕದಲ್ಲಿ ಕೂತು ನಾಡಿ ಹಿಡಿದರು.

ಹತ್ತು ದಿನ ಕಷಾಯ ಕುಡಿಸಿದರು. ಮಣ್ಣಿನ ಗಡಿಗೆಯಲ್ಲೇ ಕಾಯಿಸಬೇಕು, ಲೋಹ ತಾಗಬಾರದು. ಒಂದು ಸಲ ಕುದಿಸಿ ಬಸಿದು, ಅದೇ ಬೇರುಗಳಿಗೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಕುದಿಸಿ, ಎರಡನ್ನೂ ಬೆರೆಸಿ ಕೊಡುತ್ತಿದ್ದರು. ಕಹಿಯೆಂದರೆ ನಾಲಿಗೆ ಮರಗಟ್ಟುವ ಕಹಿ. ಆಮೇಲೆ ಉಳಿದ ಚರಟವನ್ನು ಹಿಡಿದುಕೊಂಡು ಹೊರಗೆ ಹೋಗುತ್ತಿದ್ದರು. ಒಂದು ದಿನ ಗೋಡೆ ಹಿಡಿದುಕೊಂಡು ಎದ್ದು ಕಿಟಕಿಯಿಂದ ಇಣುಕಿದೆ. ದಾರಿಯಲ್ಲಿ ನರಪಿಳ್ಳೆಯಿಲ್ಲ. ಅವರು ಚರಟವನ್ನು ನಡುವೆ ಸುರಿದು, ಅದರ ಮೇಲೆಯೇ ಅತ್ತಿಂದಿತ್ತ ನಡೆಯುತ್ತಿದ್ದರು. ನಿಧಾನಕ್ಕೆ, ಬೆನ್ನ ಹಿಂದೆ ಕೈಕಟ್ಟಿಕೊಂಡು.

ಬಂದ ಮೇಲೆ ಕೇಳಿದೆ.

"ನಮ್ಮ ಪದ್ಧತಿ, ಬೇಟಾ" ಎಂದರು. "ರೋಗಿಯ ಔಷಧದ ಚರಟ ದಾರಿಗೆ ಹಾಕ್ಬೇಕು. ಹೋಗಿ ಬರುವ ಜನ ತುಳೀಬೇಕು. ಒಬ್ಬೊಬ್ಬರ ಕಾಲಿಗೆ ಒಂದಿಷ್ಟು ರೋಗ ಅಂಟಿಕೊಂಡು ಹೋಗ್ತದೆ, ಅವರಿಗೂ ಏನೂ ಆಗುದಿಲ್ಲ, ಇವನಿಗೂ ಗುಣ. ಈಗ ಜನ ಎಲ್ಲಿದ್ದಾರೆ? ಅದಕ್ಕೆ ನಾನೇ ನಡೆದೆ."

"ಮೊದಲೂ ಹಾಕ್ತಿದ್ದಿರಲ್ಲ, ಅದು ಯಾರ ಔಷಧ?"

"ನನ್ನದೇ. ಎದೆ ಸರಿಯಿಲ್ಲ, ತುಂಬ ವರ್ಷದಿಂದ." ಖಾಲಿ ಗಡಿಗೆಯನ್ನು ಮೂಲೆಗಿಟ್ಟು ಹೇಳಿದರು, "ಇಲ್ಲಿ ಯಾಕೋ ಯಾರೂ ತುಳೀಲಿಲ್ಲ."

ಆ ಹೊತ್ತಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಹೇಡಿ ನಾನು.

ನನ್ನ ಜ್ವರ ಬಿಟ್ಟಿತು. ಡಿಸೆಂಬರಿನ ಚಳಿಗೆ ಅವರು ಮಲಗಿದರು. ರೊಟ್ಟಿಗೆ ಸಾಲು ನಿಂತು ಬಂದವನು ಅವರ ಬಳಿ ಕೂರುತ್ತಿದ್ದೆ. "ನೀವಾದರೂ ಯಾಕೆ ಹೋಗಲಿಲ್ಲ ಚಾಚಾ?" ಎಂದರೆ, "ಕಲ್ಕತ್ತಾದಲ್ಲಿ ಯಾರೂ ಉಳಿದಿಲ್ಲ. ಚೀನಾ ನಾನು ನೋಡೇ ಇಲ್ಲ. ಎಲ್ಲಿಗೆ ಅಂತ ಟಿಕೆಟ್ ಕೇಳ್ಲಿ?" ಎಂದು ನಕ್ಕರು. ನಕ್ಕದ್ದೇ ಕೆಮ್ಮಾಯಿತು. ಡಬ್ಬಗಳೆಲ್ಲ ತಳ ಕಂಡಿದ್ದವು. ಒಳ್ಳೊಳ್ಳೆಯ ಬೇರುಗಳನ್ನೆಲ್ಲ ನನಗೇ ಹಾಕಿ ಮುಗಿಸಿದ್ದರು! ಉಳಿದಿದ್ದ ಒಂದು ಹಿಡಿ ಕಿತ್ತಳೆ ಸಿಪ್ಪೆ, ಒಂದಿಷ್ಟು ಜೇಷ್ಠಮಧು ಅವರು ಹೇಳಿದಂತೆ ಕುದಿಸಿದೆ. ಕುಡಿಸಿ, ಚರಟ ಹಿಡಿದುಕೊಂಡು ಗೇಟಿನ ಎದುರು ಹೋದೆ.

ಸುರಿದೆ. ಅದೇ ಜಾಗ. ಬೂಟು ಹಾಕಿಕೊಂಡು ಅದರ ಮೇಲೆ ನಡೆದೆ. ಹೋದೆ, ಬಂದೆ, ಮತ್ತೆ ಹೋದೆ. ಇಡೀ ಕಟ್ಟಡದ ಜನ ತುಳಿಯಬೇಕಾದ್ದನ್ನು ಒಬ್ಬನೇ ತುಳಿದು ಮುಗಿಸಬೇಕಿತ್ತು. ಮೂಲೆಯಲ್ಲಿ ಬಂದೂಕು ಹಿಡಿದು ನಿಂತಿದ್ದ ಸೈನಿಕನೊಬ್ಬ ಹುಚ್ಚನೇ ಇರಬೇಕೆಂದು ನೋಡುತ್ತಿದ್ದ. ನೋಡಲಿ.

ಒಳಗೆ ಬಂದಾಗ ಅವರು ಕೇಳಿದರು, "ಯಾರಾದ್ರೂ ತುಳಿದ್ರಾ?"

"ತುಂಬ ಜನ ಚಾಚಾ. ಶಾಲೆಗೆ ಹೋಗುವ ಮಕ್ಕಳೂ ತುಳಿದರು."

ಶಾಲೆಗಳು ಮುಚ್ಚಿ ಐದು ತಿಂಗಳ ಮೇಲಾಗಿತ್ತು. ಅವರು ನನ್ನ ಬೂಟಿನ ಕಡೆ ನೋಡಿದರು. ಅಂಚಿನಲ್ಲಿ ಸಿಪ್ಪೆ, ನಾರು ಅಂಟಿಕೊಂಡಿತ್ತು. "ಅದನ್ನು ಹೊರಗೆ ಬಿಟ್ಟು ಬಾ" ಎಂದರು ಮೆಲ್ಲಗೆ. "ಕಾಲಿಗೆ ಅಂಟಿದ್ದನ್ನು ಮತ್ತೆ ಒಳಗೆ ತರಬಾರ್ದು."

ಬೂಟು ಹೊರಗಿಟ್ಟು ಬಂದು ಅವರ ಹಾಸಿಗೆಯ ಪಕ್ಕ ಕೂತೆ. ಆಗ ಹೇಳಿದೆ. "ಮಾಟ ಅಂತ ಎಲ್ಲರಿಗೂ ಹೇಳಿದವ ನಾನೇ."

"ಗೊತ್ತು" ಎಂದರು. "ನೀನು ಗೋಡೆಗೆ ಒತ್ತಿಕೊಂಡು ದಾಟಿದ ದಿನ ನಾನು ಕಿಟಕಿಯಲ್ಲೇ ಇದ್ದೆ." ಅಷ್ಟು ಹೇಳಿ ನನ್ನ ಕೈಯನ್ನು ಎಳೆದುಕೊಂಡು, ಅಭ್ಯಾಸಬಲದಿಂದಲೋ ಏನೋ, ಮೂರು ಬೆರಳು ಇಟ್ಟರು. "ನಾಡಿ ಚೆನ್ನಾಗಿದೆ. ಇನ್ನು ಊರಿಗೆ ಹೋಗು."

ಐದನೆಯ ದಿನ ಬೆಳಿಗ್ಗೆ ತೀರಿಕೊಂಡರು. ಬಾಂಬು ಬೀಳಲು ಶುರುವಾಗುವುದಕ್ಕೆ ಒಂದು ವಾರ ಮೊದಲು. ಮಣ್ಣು ಹಾಕುವಾಗ ಅವರ ಕಡೆಯವನೆಂದು ಇದ್ದದ್ದು ನಾನೊಬ್ಬನೇ.

ಯುದ್ಧ ಮುಗಿದ ಮೇಲೆ ಊರಿಗೆ ಬಂದೆ. ಮೂರು ದಾರಿ ಕೂಡುವಲ್ಲಿ ಏನು ಬಿದ್ದಿದ್ದರೂ ಈಗ ನಾನು ಸುತ್ತು ಹಾಕುವುದಿಲ್ಲ. "ನಿಮಗೆ ಕಣ್ಣು ಕಾಣುದಿಲ್ವಾ?" ಎಂದು ಹೆಂಡತಿ ಬೈಯುತ್ತಾಳೆ. ಬೈಯಲಿ. ಆ ದಿನ ಅವರ ರೋಗವಷ್ಟೂ ನನ್ನ ಕಾಲಿಗೆ ಅಂಟಲಿ ಎಂದು ಬೇಡಿಕೊಂಡೇ ತುಳಿದಿದ್ದೆ. ಆಮೇಲೆ ಇಷ್ಟು ವರ್ಷವಾಯಿತು, ನನಗೆ ಒಂದು ಕೆಮ್ಮೂ ಬಂದಿಲ್ಲ.