ವಯಸ್ಸಾಗದ ಅಂಗಡಿ

ಕನ್ನಡಕದ ಅಂಗಡಿಯವನನ್ನು ಆ ಬೀದಿಯವರೆಲ್ಲ ಚಾಳೀಸಪ್ಪ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಅವನಿಗೇ ಮರೆತುಹೋಗಿತ್ತೋ ಏನೋ! ಅವನ ಕಂಪ್ಯೂಟರಿನಲ್ಲಿ ವರ್ಷವೆನ್ನುವುದು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಬಿಲ್ ಹಾಕುವ, ಗಿರಾಕಿಗಳ ಪವರ್ ಬರೆದಿಡುವ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿ ಎಂದೋ ಬಾಗಿಲು ಹಾಕಿತ್ತು. ಲೈಸೆನ್ಸಿನ ವರ್ಷ ದಾಟಿದರೆ ಅದು ತೆರೆಯುವುದೇ ಇಲ್ಲ. ಅದಕ್ಕೇ ಪ್ರತಿ ಹೊಸ ವರ್ಷದ ಬೆಳಿಗ್ಗೆ ಚಾಳೀಸಪ್ಪ ಕಂಪ್ಯೂಟರಿನ ಕ್ಯಾಲೆಂಡರನ್ನು ಅದೇ ಹಳೆಯ ವರ್ಷದ ಮೊದಲ ದಿನಕ್ಕೆ ತಿರುಗಿಸಿಬಿಡುತ್ತಿದ್ದ. ಬಿಲ್ಲಿನ ಮೇಲಿನ ವರ್ಷವನ್ನು ಪೆನ್ನಿನಿಂದ ಹೊಡೆದುಹಾಕಿ ಸರಿಯಾದದ್ದನ್ನು ಬರೆದುಕೊಡುತ್ತಿದ್ದ.

“ನಿಮ್ಮ ಅಂಗಡೀಲಿ ನಮಗೆ ವಯಸ್ಸೇ ಆಗಲ್ವಲ್ಲ ಯಜಮಾನ್ರೇ! ಆ ಪರದೆ ಮೇಲೆ ನಾನಿನ್ನೂ ನಲವತ್ತು,” ಎಂದು ಪಕ್ಕದ ಬೇಕರಿಯವನು ರೇಗಿಸುತ್ತಿದ್ದ.

“ನಿನ್ನ ತಲೆಗೂದಲೂ ಅಲ್ಲೇ ನಿಂತಿದ್ರೆ ಚೆನ್ನಾಗಿರ್ತಿತ್ತು ಬಿಡು.”

ಹೊಸ ಸಾಫ್ಟ್‌ವೇರ್ ಹಾಕಿಸು ಎಂದವರಿಗೆಲ್ಲ ನಾಳೆ ನೋಡೋಣ ಎನ್ನುತ್ತಿದ್ದ. ಆ ನಾಳೆ ಬರಬಾರದು ಎಂಬುದೇ ಅವನ ಆಸೆ. ಯಾಕೆಂದು ಹೆಂಡತಿಗೊಬ್ಬಳಿಗೇ ಗೊತ್ತು. ಅವರ ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡದ್ದು ಕಂಪ್ಯೂಟರಿನಲ್ಲಿ ನಿಂತುಹೋಗಿದ್ದ ಆ ವರ್ಷವೇ. ಒಂಬತ್ತರ ಕೂಸು, ಗುಬ್ಬಿ ಎಂದು ಕರೆಯುತ್ತಿದ್ದರು. ಕಣ್ಣು ಪರೀಕ್ಷೆಯಾಗಿ ವರ್ಷ ತುಂಬಿದವರ ಹೆಸರನ್ನು ಆ ಸಾಫ್ಟ್‌ವೇರ್ ಬೆಳಿಗ್ಗೆ ತಾನಾಗಿಯೇ ತೋರಿಸುತ್ತಿತ್ತು. ಆ ಪಟ್ಟಿಯಲ್ಲಿ ತನ್ನ ಸರದಿ ಬರುವ ಮೊದಲೇ ಗುಬ್ಬಿ ಹೋಗಿಬಿಟ್ಟಿದ್ದಳು. ಆದರೂ ಕ್ಯಾಲೆಂಡರ್ ಹಿಂದಕ್ಕೆ ತಿರುಗಿದಾಗಲೆಲ್ಲ, ಪ್ರತಿ ವರ್ಷ ಅದೇ ತಾರೀಖಿಗೆ ಪರದೆಯ ಮೇಲೆ ಬರುತ್ತಿತ್ತು: ‘ಗುಬ್ಬಿ. ವಯಸ್ಸು ಒಂಬತ್ತು. ಇಂದು ಕಣ್ಣು ಪರೀಕ್ಷೆ.’

ಅಂದು ಅವನು ಡ್ರಾಯರಿನಿಂದ ಮಕ್ಕಳ ಕೆಂಪು ಫ್ರೇಮೊಂದನ್ನು ತೆಗೆದು, ಒರೆಸಿ, ಮೇಜಿನ ಮೇಲಿಡುತ್ತಿದ್ದ. “ಇದು ನಂಗೆ, ಯಾರಿಗೂ ಕೊಡ್ಬೇಡಪ್ಪಾ” ಎಂದು ಅವಳೇ ಎತ್ತಿಡಿಸಿದ್ದ ಫ್ರೇಮು. ಅದೊಂದು ದಿನ ಮಾತ್ರ ಹೆಂಡತಿಯೂ ಅಂಗಡಿಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು.

ಈ ಸಲ ಆ ದಿನ ಹತ್ತಿರ ಬಂದಾಗಲೇ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಹೊಸದನ್ನು ತಂದರೆ ಅದಕ್ಕೆ ಈ ಸಾಫ್ಟ್‌ವೇರ್ ಕಂಡರೇ ಆಗದು. ತೆರೆದ ಕ್ಷಣವೇ ಮುಚ್ಚಿಹೋಗುತ್ತಿತ್ತು. ಚಾಳೀಸಪ್ಪನ ಜೀವ ಬಾಯಿಗೆ ಬಂತು. ಕಂಪ್ಯೂಟರ್ ರಿಪೇರಿಯವಳನ್ನು ಕರೆಸಿ ಕೈ ಮುಗಿದ.

“ಹತ್ತನೇ ತಾರೀಖಿನೊಳಗೆ ಆಗ್ಲೇಬೇಕು ತಾಯಿ. ಯಾಕೆ ಅಂತ ಮಾತ್ರ ಕೇಳ್ಬೇಡ.”

ಅವಳು ಕೇಳಲಿಲ್ಲ. ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಎತ್ತಿಕೊಂಡು, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೇ ಹಳೆಯದೊಂದು ಇದ್ದ ಹಾಗೆ ಮಾಡಿ, ಅದರೊಳಗೆ ಸಾಫ್ಟ್‌ವೇರನ್ನು ಕೂರಿಸಿದಳು. ಹತ್ತನೇ ತಾರೀಖು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಪರದೆಯ ಮುಂದೆ ಕುಳಿತರು. ಕೆಂಪು ಫ್ರೇಮು ಮೇಜಿನ ಮೇಲಿತ್ತು.

“ಇನ್ನೊಂದು ಕೆಲಸಾನೂ ಮಾಡಿದೀನಿ ಅಂಕಲ್,” ಎಂದಳು ರಿಪೇರಿಯವಳು ಹೆಮ್ಮೆಯಿಂದ. “ಆ ವರ್ಷದ ಬೀಗ ತೆಗೆದುಬಿಟ್ಟೆ. ಇನ್ಮೇಲೆ ಪೆನ್ನಲ್ಲಿ ತಿದ್ದೋ ಕಷ್ಟ ಇಲ್ಲ, ಇವತ್ತಿನ ತಾರೀಖೇ ಬರುತ್ತೆ!”

ಪಾಪ, ಅವಳಿಗೇನು ಗೊತ್ತು? ಒಳ್ಳೆಯದೆಂದೇ ಮಾಡಿದ್ದಳು. ಬೇಡ ಎನ್ನಲು ಚಾಳೀಸಪ್ಪ ಬಾಯಿ ತೆರೆಯುವಷ್ಟರಲ್ಲಿ ಪರದೆ ತುಂಬ ಹೆಸರುಗಳು ಬಂದವು. ಬೇಕರಿಯವನು ಒಂದೇ ಏಟಿಗೆ ಐವತ್ತು ದಾಟಿದ್ದ. ಅವನ ಕೆಳಗೇ ಇತ್ತು: ‘ಗುಬ್ಬಿ. ವಯಸ್ಸು ಇಪ್ಪತ್ತೊಂದು. ಕಣ್ಣು ಪರೀಕ್ಷೆ ಬಾಕಿ.’

“ಅಯ್ಯೋ, ಇಷ್ಟು ಬೆಳೆದ್ಬಿಟ್ಲಾ ನಮ್ಮ ಗುಬ್ಬಿ…” ಎಂದಳು ಹೆಂಡತಿ. ಅಷ್ಟೇ. ಇಷ್ಟು ವರ್ಷ ಅವನು ಒಳಗೇ ನುಂಗಿಕೊಂಡಿದ್ದ ಅಳು ಕಿತ್ತುಕೊಂಡು ಬಂತು. ಕರುಳು ಹಿಂಡುವ ಹಾಗೆ ಅತ್ತ.

ರಿಪೇರಿಯವಳು ಗಾಬರಿಯಾದಳು. “ಅಂಕಲ್, ಏನಾಯ್ತು? ತಾರೀಖು ಹಿಂದಕ್ಕೆ ಹಾಕ್ಲಾ?”

ಅವನು ಬೇಡವೆಂದು ತಲೆಯಾಡಿಸಿದ. ಮುಖ ಒರೆಸಿಕೊಂಡು, ಕೆಂಪು ಫ್ರೇಮಿನ ಕಡ್ಡಿಗಳನ್ನು ಮಡಚಿ ಹೆಂಡತಿಯ ಕೈಗಿಟ್ಟ.

“ಇದು ಇನ್ನು ಅವಳಿಗೆ ಚಿಕ್ಕದಾಗುತ್ತೆ ಕಣೇ,” ಎಂದ.